ಕೊನೆಯ ಅಧ್ಯಾಯದ ಕನ್ನಡಕ

ಶುಭಮ್ಮನ ಕಾದಂಬರಿ ಮುಗಿಯಿತೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ಆ ಮನೆಯಲ್ಲಿ ಇದ್ದದ್ದು ಒಬ್ಬಳಿಗೇ. ಅಡುಗೆಮನೆಗೆ ಅಂಟಿಕೊಂಡ ನಡುಮನೆಯ ಮೂಲೆಯಲ್ಲಿ ಮಂಚ ಹಾಕಿಸಿಕೊಂಡು, ಒಲೆಯ ಮೇಲಿನ ಹಾಲಿಗೂ ಬೀದಿಯ ಜಗಳಕ್ಕೂ ಒಟ್ಟಿಗೇ ಕಿವಿ ಕೊಡುತ್ತಿದ್ದ ಅವಳ ಅತ್ತೆಗೆ.

ಶುಭಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಡೆಯ ಪುಟದ ಕೆಳಗೆ ದಪ್ಪಕ್ಷರದಲ್ಲಿ ‘ಶುಭಂ’ ಇಲ್ಲದಿದ್ದರೆ ಪುಸ್ತಕ ಕಟ್ಟಲು ಬಿಡುವುದಿಲ್ಲ ಎಂದು ಅವಳು ಹಟ ಹಿಡಿಯುತ್ತಿದ್ದುದರಿಂದ ಅಚ್ಚಿನ ಮನೆಯವರು ಬೆನ್ನ ಹಿಂದೆ ಕರೆದ ಹೆಸರು. ಅದು ಬೀದಿಗೆ ಬಂದು, ಬೀದಿಯಿಂದ ಮನೆಯೊಳಗೆ ಬಂದು, ಕೊನೆಗೆ ಗಂಡನ ಬಾಯಲ್ಲೂ ಕೂತುಬಿಟ್ಟಿತ್ತು. ಪ್ರೇಮಕಥೆ ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಅವಳ ಕಾದಂಬರಿಗಳು ರಟ್ಟು ಕಿತ್ತುಹೋಗುವಷ್ಟು ಕೈ ಬದಲಾಯಿಸುತ್ತಿದ್ದವು. ಆಸ್ಪತ್ರೆಯ ಬೆಂಚಿನ ಮೇಲೆ, ಬಸ್ಸಿನಲ್ಲಿ, ಒಗೆದ ಬಟ್ಟೆ ಒಣಗುವುದನ್ನು ಕಾಯುತ್ತಾ ಹೆಂಗಸರು ಅವುಗಳನ್ನು ಓದಿ ಮೂಗು ಒರೆಸಿಕೊಳ್ಳುತ್ತಿದ್ದರು, ಕೊನೆಯ ಅಧ್ಯಾಯಕ್ಕೆ ಬಂದು ಸಮಾಧಾನವಾಗಿ ಮಗ್ಗುಲು ಬದಲಿಸುತ್ತಿದ್ದರು.

ಆ ಕೊನೆಯ ಅಧ್ಯಾಯವನ್ನು ಅಚ್ಚಿಗೆ ಕಳಿಸುವ ಮೊದಲು ಅತ್ತೆಗೆ ಓದಿ ಹೇಳಬೇಕು. ಅದು ಮೊದಲ ಕಾದಂಬರಿಯಿಂದಲೂ ನಡೆದುಬಂದ ಕಟ್ಟಳೆ. ಅತ್ತೆಗೆ ಅಕ್ಷರ ಬಾರದು. ಕಣ್ಣು ಮುಚ್ಚಿ, ಮಂಡಿ ನೀವಿಕೊಳ್ಳುತ್ತಾ ಕೇಳುವಳು. ಓದು ನಿಂತ ಮೇಲೆ "ಆಮೇಲೆ?" ಎಂದಳೋ, ಅಧ್ಯಾಯ ಕೆಟ್ಟಿತು, ಮತ್ತೆ ಬರೆಯಬೇಕು. "ಸರಿ, ಊಟಕ್ಕೆ ಹಾಕು" ಎಂದಳೋ, ಗೆದ್ದಿತು. ಮಧ್ಯಾಹ್ನದ ಊಟದ ಹೊತ್ತಿಗೇ ಈ ಪರೀಕ್ಷೆ ನಡೆಯುತ್ತಿದ್ದುದರಿಂದ ಮನೆಯವರೆಲ್ಲ ಹಸಿದ ಹೊಟ್ಟೆಯಲ್ಲಿ ನಾಯಕಿಯ ಸುಖಕ್ಕಾಗಿ ಹಾರೈಸುತ್ತಿದ್ದರು. ಒಮ್ಮೆ ಹಡಗಿನಿಂದ ಇಳಿದ ನಾಯಕನನ್ನು ಅತ್ತೆ "ಆಮೇಲೆ? ಆಮೇಲೆ?" ಎಂದು ಸಂಜೆಯವರೆಗೂ ಬಂದರಿನಲ್ಲೇ ನಿಲ್ಲಿಸಿದ್ದಳು. ಅಂದು ಯಜಮಾನರು ಮೇಲೆದ್ದು, "ಅವನು ಅವಳನ್ನ ಕರ್ಕೊಂಡು ಮನೆಗೆ ಹೋದ, ಅಮ್ಮ. ಅನ್ನ ಮಾಡಿತ್ತು, ಉಂಡ. ನಮಗೂ ಬಡಿಸ್ತೀರಾ?" ಎಂದಿದ್ದರು.

"ಓದಿದವಳಿಗೆ ಮುಂದೇನಾಯ್ತು ಅಂತ ಕೇಳ್ಬೇಕು ಅನ್ನಿಸಬಾರದು. ಸುಖಾಂತ್ಯ ಅಂದ್ರೆ ಅಷ್ಟೇ," ಎಂದು ಶುಭಮ್ಮ ಹೊಸದಾಗಿ ಬರೆಯುವವರಿಗೆ ಹೇಳುತ್ತಿದ್ದಳು. ಇನ್ನೊಂದು ಗುಟ್ಟನ್ನೂ ಹೇಳುತ್ತಿದ್ದಳು. "ನಾಯಕ ತಪ್ಪೊಪ್ಪಿಕೊಳ್ಳೋವಾಗ ಮಾತು ಕಮ್ಮಿ ಇರ್ಲಿ, ಕೈಯಲ್ಲಿ ಏನಾದ್ರೂ ಇರ್ಲಿ. ಹೂವು ಬೇಡ, ಸೀರೆ ಬೇಡ. ಅವಳದೇ ಒಂದು ಸಾಮಾನು. ಅವಳು ಬಿಟ್ಟು ಬಂದದ್ದು, ಇಲ್ಲ ಮುರಿದುಹೋದದ್ದು. ಅದನ್ನ ರಿಪೇರಿ ಮಾಡಿಸ್ಕೊಂಡು ಬರ್ಲಿ. ಓದೋರು ಅಲ್ಲಿಗೆ ಕರಗಿಹೋಗ್ತಾರೆ."

ಮಗಳು ಬಂದದ್ದು ಹಾಗೊಂದು ಕೊನೆಯ ಅಧ್ಯಾಯ ಕೈಕೊಟ್ಟು ಕೂತಿದ್ದಾಗಲೇ. ನಾಯಕ ಮುನಿಸಿಕೊಂಡು ಹೋಗಿದ್ದ, ಅವನನ್ನು ವಾಪಸು ತರುವ ದಾರಿ ಕಾಣದೆ ಶುಭಮ್ಮ ಬದನೆಕಾಯಿ ಹೆಚ್ಚುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಮಗಳು, ಕೈಯಲ್ಲಿ ಒಂದು ಬಟ್ಟೆಯ ಚೀಲ, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಮುಖ ಬರಿದಾಗಿತ್ತು. ಶಾಲೆಗೆ ಹೋಗುವ ಕಾಲದಿಂದ ಮೂಗಿನ ಮೇಲಿದ್ದ ಕನ್ನಡಕ ಇರಲಿಲ್ಲ. ಎಡಹುಬ್ಬಿನ ಕೆಳಗೆ ಒಂದು ಗಾಯದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಏನೇ ಇದು, ಫೋನೂ ಮಾಡ್ದೆ?"

"ಬಂದೆ."

"ಕನ್ನಡಕ ಎಲ್ಲಿ?"

"ಒಡೆದೋಯ್ತು."

"ಹುಬ್ಬಿಗೇನಾಯ್ತು?"

ಮಗಳು ಚೀಲವನ್ನು ಕೆಳಗಿಟ್ಟು ಅಜ್ಜಿಯ ಮಂಚದ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಉಗುರು ನೋಡಿಕೊಂಡಳು. ಆಮೇಲೆ, "ಜಗಳ ಆಯ್ತಮ್ಮ," ಎಂದಳು. "ಅಂಗಡಿಯಿಂದ ಬರೋದು ತಡ ಆಯ್ತು ಅಂತ. ಅವರು ಬಾಗಿಲು ಹಾಕಿದ್ರು."

"ಆಮೇಲೆ?" ಎಂದಳು ಅಜ್ಜಿ.

ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಶುಭಮ್ಮ ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿ ಎದ್ದೇಬಿಟ್ಟಿದ್ದಳು. "ಇರ್ಲಿ ಬಿಡಿ ಅತ್ತೆ, ಬಂದ ತಕ್ಷಣ ಅದೆಲ್ಲ ಯಾಕೆ? ಗಂಡ ಹೆಂಡತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನೀನು ಕೈಕಾಲು ತೊಳ್ಕೊಂಡು ಬಾ. ಉಂಡು ಮಲಗು, ಎಲ್ಲಾ ಸರಿಹೋಗುತ್ತೆ."

ಮಗಳು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಹೋದಳು. ಕೇಳಲು ಶುಭಮ್ಮನಿಗೆ ಭಯವಾಗಿತ್ತು. ಕೇಳಿದರೆ ಹೇಳುತ್ತಾಳೆ, ಹೇಳಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ. ಅದಕ್ಕಿಂತ ಬದನೆಕಾಯಿ ಕಪ್ಪಾಗುವ ಮೊದಲು ಒಲೆಗೆ ಹಾಕುವುದು ಸುಲಭವಾಗಿತ್ತು.

ಯಜಮಾನರು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂದು ಸಂಜೆ ಮನೆಗೆ ಬಂದವರು ಮಗಳ ಹುಬ್ಬನ್ನು ದೀಪದ ಕಡೆಗೆ ತಿರುಗಿಸಿ ನೋಡಿದರು, ಮರುದಿನ ಒಂದು ಮುಲಾಮು ತಂದು ಕೈಗಿಟ್ಟರು. "ದಿನಕ್ಕೆ ಎರಡು ಸಲ ಹಚ್ಕೋ, ಕಲೆ ಉಳಿಯಲ್ಲ," ಎಂದರು. ಯಾವ ಗಾಯಕ್ಕೆ ಯಾವ ಮುಲಾಮು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಾಯ ಹೇಗಾಯಿತು ಎಂದು ಗಿರಾಕಿಗಳನ್ನು ಕೇಳುವ ಅಭ್ಯಾಸ ಅವರಿಗಿರಲಿಲ್ಲ.

ಮೊದಲ ವಾರ ನೆಂಟಸ್ತಿಕೆಯ ಹಾಗೆ ಕಳೆಯಿತು. ಎರಡನೆಯ ವಾರಕ್ಕೆ ಮನೆ ಚಿಕ್ಕದಾಯಿತು. ಮಗಳ ಕೋಣೆ ಅವಳ ಮದುವೆಯಾದ ಮೇಲೆ ಶುಭಮ್ಮನ ಬರೆಯುವ ಕೋಣೆಯಾಗಿತ್ತು; ಈಗ ಮೇಜನ್ನು ನಡುಮನೆಗೆ ತರಬೇಕಾಯಿತು. ಮೇಜು ಬಂದ ಮೇಲೆ ಅಜ್ಜಿಗೆ ಬಚ್ಚಲಿಗೆ ಹೋಗುವ ದಾರಿ ಇಕ್ಕಟ್ಟಾಯಿತು. ಯಜಮಾನರು ಬೆಳಿಗ್ಗೆ ಮೇಜಿನ ಮೂಲೆಗೆ ತೊಡೆ ತಾಗಿಸಿಕೊಂಡು ಗೊಣಗಿದರು. ಮಗಳು ಸಿದ್ಧ ಉಡುಪಿನ ಅಂಗಡಿಗೆ ಬಟ್ಟೆ ಬಿಗಿ ಮಾಡಿ, ಸಡಿಲಿಸಿ ಕೊಡುವ ಕೆಲಸದವಳು. ಕನ್ನಡಕವಿಲ್ಲದೆ ಹೊಲಿಗೆ ನಡೆಯುವುದಿಲ್ಲ. ಸೂಜಿಗೆ ದಾರ ಪೋಣಿಸಲು ಅಪ್ಪನನ್ನು ಕರೆಯುವಳು, ಅಪ್ಪ ಅಂಗಡಿಗೆ ಹೋದ ಮೇಲೆ ಅಮ್ಮನನ್ನು ಕರೆಯುವಳು.

"ಒಂದು ಸಾಲು ಬರೆಯೋಕೆ ಬಿಡಲ್ವಲ್ಲೇ," ಎಂದಳು ಶುಭಮ್ಮ ಒಂದು ದಿನ.

"ಹೊಸ ಕನ್ನಡಕ ಮಾಡಿಸ್ಕೋತೀನಿ. ಅಪ್ಪನ ಜೊತೆ ಹೋಗಿ ಬರ್ತೀನಿ."

"ಇಲ್ಲೇ ಮಾಡಿಸ್ಕೊಂಡು ಇಲ್ಲೇ ಇರೋ ಹಂಗೆ ಮಾತಾಡ್ತೀಯಲ್ಲ."

"ಇದ್ರೆ ಏನಮ್ಮ?"

ಶುಭಮ್ಮ ಪೆನ್ನಿನ ಮುಚ್ಚಳ ಹಾಕಿ ಎದ್ದಳು. ಊಟದ ಹೊತ್ತಿಗೆ ಯಜಮಾನರು ಅನ್ನ ಕಲಸುತ್ತಾ ಗೋಡೆಗೆ ಹೇಳುವವರಂತೆ ಹೇಳಿದರು. "ಅಂಗಡಿಗೆ ಬಂದೋರೆಲ್ಲ ಕೇಳ್ತಾರೆ. ಮಗಳು ಬಂದಿದ್ದಾಳಂತೆ, ಏನು ವಿಶೇಷ ಅಂತ. ನಾನೇನು ಹೇಳ್ಲಿ?"

"ಮಗಳು ಬಂದಿದ್ದಾಳೆ ಅಂತ ಹೇಳಿ," ಎಂದಳು ಮಗಳು.

"ಅದು ಸರಿ. ಎಷ್ಟು ದಿನಕ್ಕೆ ಅಂತ ಕೇಳ್ತಾರಲ್ಲ."

"ನೀವು ಕೇಳ್ತಿದ್ದೀರೋ, ಅವರು ಕೇಳ್ತಿದ್ದಾರೋ?"

"ತಟ್ಟೆ ಮುಂದೆ ಜಗಳ ಬೇಡ," ಎಂದು ಶುಭಮ್ಮ ಎಲ್ಲರಿಗೂ ಇನ್ನೊಂದು ಸೌಟು ಬಡಿಸಿದಳು. ಅಜ್ಜಿ ಮೊಮ್ಮಗಳ ಬೆನ್ನು ಸವರಿ, "ಹೊಟ್ಟೆ ತುಂಬ ತಿನ್ನು ಮಗಾ," ಎಂದಳು.

ಅಷ್ಟರಲ್ಲಿ ಪ್ರಕಾಶಕರ ಫೋನು ಶುರುವಾಯಿತು. ಅವರು ಮೆತ್ತಗೆ ಮಾತಾಡುವ ಮನುಷ್ಯ, ಆದರೆ ಹಿಡಿದ ಪಟ್ಟು ಬಿಡುವವರಲ್ಲ. "ಅಮ್ಮಾ, ಹನ್ನೊಂದು ಅಧ್ಯಾಯ ಅಚ್ಚಾಗಿ ಕೂತಿದೆ. ಮುಖಪುಟಾನೂ ತಯಾರು. ನಾಯಕ ಇನ್ನೂ ಎಲ್ಲಿ ಅಲೀತಿದ್ದಾನೆ?"

"ಬರ್ತಾನೆ ಇರಿ."

"ಬೇಗ ಬರ್ಲಿ. ಕಣ್ಣಲ್ಲಿ ನೀರು ಬರೋ ಹಂಗಿರ್ಲಿ, ಆದ್ರೆ ಸೆರಗಿನ ತುದಿ ಒದ್ದೆ ಆಗೋಷ್ಟು ಮಾತ್ರ. ನಿಮಗೆ ನಾನು ಹೇಳ್ಕೊಡ್ಬೇಕಾ?"

ಅಂದು ಮಧ್ಯಾಹ್ನ ಶುಭಮ್ಮ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಕಿಟಕಿಯ ಬೆಳಕಿನಲ್ಲಿ ಮಗಳು ಕಣ್ಣು ಕಿರಿದು ಮಾಡಿಕೊಂಡು ಸೂಜಿಯ ಕಣ್ಣು ಹುಡುಕುತ್ತಿದ್ದಳು. ಅದನ್ನು ನೋಡುತ್ತಾ ನೋಡುತ್ತಾ ಶುಭಮ್ಮನಿಗೆ ಕಥೆಯದು, ಮಗಳದು, ಎರಡೂ ಗಂಟು ಒಟ್ಟಿಗೇ ಬಿಚ್ಚಿಕೊಂಡವು. ಕನ್ನಡಕ! ಹೂವಲ್ಲ, ಸೀರೆಯಲ್ಲ, ಅವಳದೇ ಸಾಮಾನು, ಮುರಿದುಹೋದದ್ದು. ಇಷ್ಟು ವರ್ಷ ಬರೆದವಳಿಗೆ ಕಣ್ಣೆದುರಿಗೇ ಇದ್ದದ್ದು ಕಂಡಿರಲಿಲ್ಲ.

ಅವಳು ಫೋನು ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಒಣಗಲು ಹಾಕಿದ ಹೊದಿಕೆಗಳ ಮರೆಯಲ್ಲಿ ನಿಂತು ಅಳಿಯನಿಗೆ ಕರೆ ಮಾಡಿದಳು. ಅಳಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ದನಿ ಏರಿಸಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಅತ್ತೆ, ನಾನೇ ಬರ್ಬೇಕು ಅಂತಿದ್ದೆ," ಎಂದ. "ಅವಳು ಹೇಳ್ದೆ ಕೇಳ್ದೆ ಹೊರಟುಬಿಟ್ಲು. ಶಾಲೇಲಿ ಮುಖ ಎತ್ತೋಕಾಗ್ತಿಲ್ಲ."

"ಆಗಿದ್ದು ಆಯ್ತು. ಬನ್ನಿ. ಹಣ್ಣು ಗಿಣ್ಣು ತರೋಕೆ ಹೋಗ್ಬೇಡಿ. ಅವಳ ಕನ್ನಡಕ ಮಾಡಿಸ್ಕೊಂಡು ಬನ್ನಿ. ಅದೇ ಥರದ ಫ್ರೇಮು. ಅವಳ ನಂಬರು ಅಂಗಡಿಯಲ್ಲಿರುತ್ತೆ."

"ಕನ್ನಡಕದ ವಿಷಯ ಅವಳು ಏನು ಹೇಳಿದ್ಲು?"

"ಒಡೆದೋಯ್ತು ಅಂದ್ಲು."

"ಹೌದು ಅತ್ತೆ. ಒಡೆದೋಯ್ತು," ಎಂದ ಅಳಿಯ. ಅವನ ದನಿ ಹಗುರಾಯಿತು. ಶುಭಮ್ಮ ಅದನ್ನು ಪಶ್ಚಾತ್ತಾಪ ಎಂದುಕೊಂಡಳು. "ಬಂದು ಜಾಸ್ತಿ ಮಾತಾಡ್ಬೇಡಿ. ಕೈಗೆ ಕೊಡಬೇಡಿ. ನೀವೇ ಹಾಕಿ," ಎಂದು ಹೇಳಿಕೊಟ್ಟಳು.

ಅಳಿಯ ಅವಳು ಹೇಳಿಕೊಟ್ಟ ಹಾಗೇ ಮಾಡಿದ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ಅಜ್ಜಿಯ ಕಾಲು ಮುಟ್ಟಿದ. ಮಗಳು ನಡುಮನೆಯ ಗೋಡೆಗೆ ಒರಗಿ ನಿಂತಿದ್ದಳು. ಅವನು ಜೇಬಿನಿಂದ ಡಬ್ಬಿ ತೆಗೆದು, ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ, ಅವಳ ಮುಖದ ಹತ್ತಿರಕ್ಕೆ ಕೈ ತಂದ. ಮಗಳ ಕಣ್ಣುಗಳು ಗಟ್ಟಿಯಾಗಿ ಮುಚ್ಚಿಕೊಂಡವು, ಭುಜ ಮೇಲಕ್ಕೆ ಬಂತು. ಅವನು ಕಡ್ಡಿಗಳನ್ನು ಅವಳ ಕಿವಿಗಳ ಮೇಲೆ ಮೆಲ್ಲಗೆ ಕೂರಿಸಿದ. "ಈಗ ಕಾಣುತ್ತಾ?" ಎಂದ.

"ಕಾಣುತ್ತೆ," ಎಂದಳು ಮಗಳು.

ಅಡುಗೆಮನೆಯ ಬಾಗಿಲಲ್ಲಿ ಶುಭಮ್ಮನ ಸೆರಗಿನ ತುದಿ ಬೇಕಾದಷ್ಟೇ ಒದ್ದೆಯಾಯಿತು. ಯಜಮಾನರು "ಅಳಿಯಂದಿರಿಗೆ ಚಹಾ ಕೊಡೇ," ಎಂದರು. ಮಗಳು ಬಟ್ಟೆ ತುಂಬಲು ಒಳಗೆ ಹೋದಾಗ ಶುಭಮ್ಮ ಹಿಂದೆಯೇ ಹೋದಳು.

"ನೀನೇ ಹೇಳಿದ್ದಾ ಅಮ್ಮ ಅವರಿಗೆ?"

"ಏನನ್ನ?"

"ಕನ್ನಡಕ ತರೋಕೆ. ಅವರಿಗೆ ಇಂಥದ್ದೆಲ್ಲ ತಾವಾಗಿ ಹೊಳೆಯಲ್ಲ."

"ಯಾರು ಹೇಳಿದ್ರೇನು, ತಂದ್ರಲ್ಲ. ಇಷ್ಟು ಬೆಪ್ಪಾಗ್ಬೇಡ ಕಣೇ. ಮನಸ್ಸಿನಲ್ಲಿ ಇಲ್ದೆ ಕೈಯಿಂದ ಬರುತ್ತಾ?"

ಮಗಳು ಮಡಿಚಿದ ಬಟ್ಟೆಯನ್ನೇ ಇನ್ನೊಮ್ಮೆ ಮಡಿಚಿದಳು. ಏನೋ ಹೇಳಲು ಹೋದಂತಿತ್ತು. "ಹೊತ್ತಾಗುತ್ತೆ, ಅವರು ಕಾಯ್ತಿದ್ದಾರೆ," ಎಂದು ಶುಭಮ್ಮ ಚೀಲದ ಬಾಯಿ ಕಟ್ಟಿಕೊಟ್ಟಳು. ಇಬ್ಬರೂ ಗೇಟು ದಾಟಿ ಬಸ್ ನಿಲ್ದಾಣದ ಕಡೆ ತಿರುಗುವವರೆಗೂ ನಿಂತು ನೋಡಿ, ಒಳಗೆ ಬಂದು ತಟ್ಟೆ ಹಾಕಿದಳು.

"ನಂಗೆ ಊಟ ಬೇಡ," ಎಂದಳು ಅತ್ತೆ.

ಅಧ್ಯಾಯ ಒಂದೇ ಬೈಠಕ್ಕಿನಲ್ಲಿ ಮುಗಿಯಿತು. ಮೇಜು ವಾಪಸು ಕೋಣೆಗೆ ಹೋಗಿತ್ತು, ಮನೆ ಮತ್ತೆ ದೊಡ್ಡದಾಗಿತ್ತು. ನಾಯಕ ಬಂದ, ಕನ್ನಡಕ ತಂದ, ನಾಯಕಿಯ ಮುಖದ ಹತ್ತಿರ ಕೈ ತಂದ. ‘ನಾಚಿಕೆಯೋ, ಪ್ರೀತಿಯೋ, ಅವಳ ರೆಪ್ಪೆಗಳು ತಾವಾಗಿ ಮುಚ್ಚಿಕೊಂಡವು’ ಎಂದು ಬರೆದಾಗ ಶುಭಮ್ಮನಿಗೆ ರೋಮಾಂಚನವಾಯಿತು. ಇಂಥ ಸಾಲು ಕಲ್ಪನೆಗೆ ಸಿಗುವುದಿಲ್ಲ, ಕಣ್ಣಾರೆ ಕಾಣಬೇಕು ಎಂದು ಹೆಮ್ಮೆಪಟ್ಟಳು.

ಊಟದ ಹೊತ್ತಿಗೆ ಅತ್ತೆಯ ಮುಂದೆ ಕೂತು ಓದಿದಳು. ಯಜಮಾನರು ತಟ್ಟೆಯ ಮುಂದೆ ತಯಾರಾಗಿದ್ದರು. ಓದು ನಿಂತಿತು. ಅತ್ತೆ ಮಂಡಿ ನೀವುವುದನ್ನು ನಿಲ್ಲಿಸಿರಲಿಲ್ಲ.

"ಆಮೇಲೆ?"

"ಆಮೇಲೇನು ಅತ್ತೆ, ಮುಗೀತಲ್ಲ. ಕರ್ಕೊಂಡು ಹೋದ."

"ಕರ್ಕೊಂಡು ಹೋದ. ಆಮೇಲೆ?"

"ಚೆನ್ನಾಗಿ ಬಾಳಿದ್ರು."

"ನಿನಗೆ ಹೇಗೆ ಗೊತ್ತು?"

"ಬರೆಯೋಳು ನಾನು!" ಶುಭಮ್ಮನ ದನಿ ಏರಿತು.

ಅತ್ತೆ ಕಣ್ಣು ತೆರೆದಳು. "ನಿನ್ನ ಮಾವನೂ ನಂಗೆ ಬಳೆ ತಂದುಕೊಡ್ತಿದ್ರು ಕಣೇ. ಕೈ ಹಿಡಿದು ಅವರೇ ತೊಡಿಸ್ತಿದ್ರು. ಬೀದಿಯವರೆಲ್ಲ ಎಂಥಾ ಗಂಡ ಅಂತಿದ್ರು. ಹಳೇ ಬಳೆ ಹೇಗೆ ಒಡೀತು ಅಂತ ಒಬ್ರೂ ಕೇಳ್ಲಿಲ್ಲ."

ಯಜಮಾನರ ಕೈ ತಟ್ಟೆಯ ಅಂಚಿನ ಮೇಲೆ ನಿಂತಿತು. "ಅಮ್ಮ, ಸತ್ತೋರ ಸುದ್ದಿ ಈಗ್ಯಾಕೆ?"

"ಸತ್ತೋರ ಸುದ್ದಿ ಅಲ್ಲಪ್ಪ. ಮಗು ಸುದ್ದಿ."

"ಅತ್ತೆ, ನಿಮಗೆ ವಯಸ್ಸಾಯ್ತು," ಎಂದಳು ಶುಭಮ್ಮ. ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು. ಸಂಜೆ ತಾನೇ ಹೋಗಿ ಅಧ್ಯಾಯವನ್ನು ಅಚ್ಚಿನ ಮನೆಗೆ ಕೊಟ್ಟು ಬಂದಳು. ಅತ್ತೆಯ ಒಪ್ಪಿಗೆಯಿಲ್ಲದೆ ಹೋದ ಮೊದಲ ಸುಖಾಂತ್ಯ ಅದು.

ಪುಸ್ತಕ ಅಂಗಡಿಗೆ ಬಂದದ್ದೇ ತಡ, ಕೈಗೆ ಸಿಗದಂತಾಯಿತು. ಪ್ರಕಾಶಕರು ಫೋನಿನಲ್ಲಿ ಮಗುವಿನ ಹಾಗೆ ನಕ್ಕರು. "ಎಲ್ಲರೂ ಕನ್ನಡಕದ ಕಥೆ ಅಂತಲೇ ಕೇಳ್ಕೊಂಡು ಬರ್ತಿದ್ದಾರಮ್ಮ. ಹೆಸರೇ ಹೇಳಲ್ಲ." ತರಕಾರಿ ಅಂಗಡಿಯವಳು ತೂಕಕ್ಕಿಂತ ಒಂದು ಹಿಡಿ ಸೊಪ್ಪು ಹೆಚ್ಚು ಹಾಕಿ, "ನಮ್ಮೋನೂ ಯಾವತ್ತಾದ್ರೂ ಹಾಗೆ ಬದಲಾಗ್ತಾನೆ ಅನ್ನಿಸ್ತು ಅಕ್ಕ," ಎಂದಳು. ಅವಳ ಮುಂದಿನ ಹಲ್ಲು ಅರ್ಧ ಮುರಿದಿದ್ದುದನ್ನು ಶುಭಮ್ಮ ಎಷ್ಟೋ ವರ್ಷದಿಂದ ನೋಡಿದ್ದಳು. ಅಂದು ಸೊಪ್ಪು ತೆಗೆದುಕೊಂಡು ಬರುವಾಗ ಆ ಹಲ್ಲು ಯಾಕೋ ದಾರಿಯುದ್ದಕ್ಕೂ ಕಣ್ಣ ಮುಂದೆಯೇ ಇತ್ತು.

ಮಗಳ ಫೋನು ಬರುತ್ತಿತ್ತು, ಆದರೆ ಚಿಕ್ಕದು. "ಚೆನ್ನಾಗಿದ್ದೀನಿ. ಊಟ ಆಯ್ತು. ಅಜ್ಜಿಗೆ ಕೊಡು." ಅಜ್ಜಿಗೆ ಕೊಟ್ಟರೆ ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಬರೀ "ಹೂಂ, ಹೂಂ" ಎನ್ನುವಳು. "ಏನಂದ್ಲು?" ಎಂದು ಶುಭಮ್ಮ ಕೇಳಿದರೆ, "ಊಟ ಆಯ್ತಂತೆ," ಎಂದು ಗೋಡೆಯ ಕಡೆ ಹೊರಳುವಳು. ಅಂಗಡಿಯ ಕೆಲಸ ಬಿಟ್ಟಳಂತೆ ಎಂಬ ಸುದ್ದಿ ಬೇರೆಯವರಿಂದ ತಿಳಿಯಿತು. ಶುಭಮ್ಮ ಫೋನಿನಲ್ಲಿ, "ಒಳ್ಳೇದೇ ಆಯ್ತು ಬಿಡು, ಕಣ್ಣಿಗೆ ಆಯಾಸ," ಎಂದಳು.

ಆಸ್ಪತ್ರೆಯಿಂದ ಫೋನು ಬಂದದ್ದು ಬೆಳಿಗ್ಗೆ, ಹಾಲು ಕಾಯಿಸುವ ಹೊತ್ತಿಗೆ. ಮಾತಾಡಿದವಳು ಮಗಳ ಮನೆಯ ಪಕ್ಕದ ಹೆಂಗಸು. "ಬೇಗ ಬನ್ನಿ," ಎಂದಳು. "ಮೇಷ್ಟ್ರು ಇಲ್ಲಿಲ್ಲ. ನಾವೇ ರಾತ್ರಿ ಸೇರಿಸಿದ್ದು."

ಎಡಗಣ್ಣಿನ ಮೇಲೆ ಅಂಗೈ ಅಗಲದ ಹತ್ತಿಯ ಕಟ್ಟು, ತುಟಿ ಬೀಗಿ ಒಂದು ಪಕ್ಕಕ್ಕೆ ಎಳೆದಿತ್ತು. ಮಗಳು ನಿದ್ದೆಯ ಔಷಧದಲ್ಲಿದ್ದಳು. ಡಾಕ್ಟರು ಹರೆಯದ ಹೆಂಗಸು, ಕಾರಿಡಾರಿನಲ್ಲಿ ನಿಂತೇ ಹೇಳಿದಳು. "ಕಣ್ಣಿನ ಹಿಂದಿನ ಪರದೆ ಹರಿದಿದೆ. ಆಪರೇಷನ್ ಮಾಡಿದ್ದೀವಿ. ಬೆಳಕು ಕತ್ತಲೆ ಗೊತ್ತಾಗಬಹುದು, ಅದಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ. ಇದು ಒಂದೇ ಸಲದ ಏಟಲ್ಲ. ಹುಬ್ಬಿನ ಮೂಳೆಯಲ್ಲಿ ಹಳೇ ಬಿರುಕಿದೆ. ನಿಮಗೆ ಗೊತ್ತಿತ್ತಾ?"

"ನಾನು ಮುಲಾಮು ಕೊಟ್ಟಿದ್ದೆ," ಎಂದರು ಯಜಮಾನರು, ಯಾರೂ ಕೇಳದೆಯೇ.

ಪೊಲೀಸರು ಬಂದು ಪಕ್ಕದ ಹೆಂಗಸಿನ ಹೇಳಿಕೆ ಬರೆದುಕೊಂಡು ಹೋದರು. ಅಳಿಯ ರಜೆ ಹಾಕಿ ತನ್ನ ಅಣ್ಣನ ಮನೆ ಸೇರಿಕೊಂಡಿದ್ದ. ಮಗಳನ್ನು ಕಾರಿನಲ್ಲಿ ಮಲಗಿಸಿಕೊಂಡು ಮನೆಗೆ ತಂದರು. ಮೇಜು ಮತ್ತೆ ನಡುಮನೆಗೆ ಬಂತು. ಈ ಸಲ ಯಾರೂ ಗೊಣಗಲಿಲ್ಲ.

ನಾಲ್ಕಾರು ದಿನ ಮನೆಯಲ್ಲಿ ಬರೀ ಪಾತ್ರೆಯ ಸದ್ದು. ಮಗಳು ಲೋಟ ಹಿಡಿಯಲು ಹೋಗಿ ಅದರ ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಕಾಲು ತಡವುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಶುಭಮ್ಮ ಕೇಳಿದಳು. "ನನ್ನ ಪುಸ್ತಕದಿಂದ ಆಯ್ತಂತೆ. ನಿನ್ನ ಪಕ್ಕದ ಮನೆಯವಳು ಹೇಳಿದ್ಲು. ನಿಜಾನಾ?"

"ಶಾಲೇಲಿ ಟೀಚರುಗಳು ಓದಿದ್ರು. ನಾನು ತೌರಿಗೆ ಹೋಗಿದ್ದು, ಹೊಸ ಕನ್ನಡಕ ಹಾಕ್ಕೊಂಡು ಬಂದದ್ದು ಅವರಿಗೆ ಗೊತ್ತಿತ್ತಲ್ಲ. ಕನ್ನಡಕದ ಹೀರೋ ಬಂದ್ರು ಅಂತ ತಮಾಷೆ ಮಾಡಿದ್ರಂತೆ. ಇವರು ಮನೆಗೆ ಪುಸ್ತಕ ತಂದ್ರು. ಕೊನೇ ಅಧ್ಯಾಯ ನನ್ನ ಕೈಲಿ ಗಟ್ಟಿಯಾಗಿ ಓದಿಸಿದ್ರು."

ಶುಭಮ್ಮ ಮೇಜಿನ ಅಂಚನ್ನು ಹಿಡಿದುಕೊಂಡಳು. "ನಾನೇ ಕೊಂದೆ ನಿನ್ನ. ನಾನು ಅದನ್ನ ಬರೀದೇ ಇದ್ದಿದ್ರೆ..."

"ಬರೀದೇ ಇದ್ದಿದ್ರೆ ಅವತ್ತು ಅಡುಗೆಗೆ ಉಪ್ಪು ಜಾಸ್ತಿ ಆಗಿರ್ತಿತ್ತು," ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಎಲ್ಲದಕ್ಕೂ ನೀನೇ ಕಾರಣ ಅಂದ್ಕೊಂಡು ಅಳ್ಬೇಡಮ್ಮ. ಅದೂ ನಿನ್ನ ಕಥೆ ಥರಾನೇ ಆಗುತ್ತೆ."

ಆ ಮಾತು ಶುಭಮ್ಮನಿಗೆ ಕೆನ್ನೆಗೆ ಬಿಟ್ಟಂತೆ ತಾಗಿತು. ಒಳಗೆ ಹೋಗಿ ಅಳಬೇಕೆಂದಿದ್ದವಳು ಹೋಗಲಿಲ್ಲ. ಅಡುಗೆಮನೆಯಿಂದ ಅನ್ನದ ಪಾತ್ರೆ ತಂದಳು, ಬೇಳೆ ತಂದಳು, ತಟ್ಟೆ ಹಾಕಿದಳು. ಯಜಮಾನರು ಬಂದು ಕೂತರು. ಮಗಳು ಅಜ್ಜಿಯ ಮಂಚದ ತುದಿಯಲ್ಲಿ, ಮೊದಲ ದಿನ ಕೂತ ಜಾಗದಲ್ಲೇ ಕೂತಿದ್ದಳು. ಶುಭಮ್ಮ ಸೌಟು ಹಿಡಿದು ಅವಳ ಎದುರು ನೆಲದ ಮೇಲೆ ಕೂತಳು. ಪ್ರಕಾಶಕರ ಕರೆ ಬಂದು ಫೋನು ಮೇಜಿನ ಮೇಲೆ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು.

"ಮೊದಲನೇ ಸಲ ಬಂದಿದ್ದೆಯಲ್ಲ," ಎಂದಳು. "ಅಂಗಡಿಯಿಂದ ಬರೋದು ತಡ ಆಯ್ತು ಅಂದೆ. ಅವರು ಬಾಗಿಲು ಹಾಕಿದ್ರು ಅಂದೆ."

"ಹೂಂ."

ಮಗಳ ಒಂದು ಕಣ್ಣು ಅಮ್ಮನ ಮುಖವನ್ನೇ ನೋಡುತ್ತಿತ್ತು. ಯಜಮಾನರು ತಟ್ಟೆಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು. ಮಂಚದ ಮೇಲಿನಿಂದ ಅಜ್ಜಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, "ಸರಿ, ಊಟಕ್ಕೆ ಹಾಕು," ಎಂದಳು. "ಮಗು ಹಸಿದಿದೆ."

"ಇಲ್ಲ ಅತ್ತೆ," ಎಂದಳು ಶುಭಮ್ಮ. ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಕೈಯನ್ನು ಮಗಳ ಮಂಡಿಯ ಮೇಲೆ ಇಟ್ಟಳು. "ಬಾಗಿಲು ಹಾಕಿದ್ರು. ಆಮೇಲೆ?"

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಆಮೇಲೆ ಟೀವಿ ಜೋರು ಮಾಡಿದ್ರು," ಎಂದಳು ಮಗಳು.

"ಆಮೇಲೆ?"

"ಕನ್ನಡಕ ತೆಗೆದು ಮೇಜಿನ ಮೇಲಿಡು ಅಂದ್ರು. ಯಾವಾಗ್ಲೂ ಮೊದಲು ತೆಗೆಸ್ತಾರೆ. ಒಡೆದ್ರೆ ದಂಡ ಅಂತ. ನಾನು ಅವತ್ತು ತೆಗೀಲಿಲ್ಲ. ಮುಖದ ಮೇಲಿದ್ರೆ ಹೊಡೆಯಲ್ಲ ಅಂದ್ಕೊಂಡಿದ್ದೆ."

ಯಜಮಾನರು ನೆಲಕ್ಕೆ ಕೈಯೂರಿ ಏಳಹೊರಟರು.

"ಕೂತ್ಕೊಳ್ಳಿ," ಎಂದಳು ಶುಭಮ್ಮ, ಅವರ ಕಡೆ ತಿರುಗದೆ. ಅವರು ಕೂತರು.

"ಆಮೇಲೆ?" ಎಂದಳು.

ಮಗಳು ಹೇಳಿದಳು. ಮದುವೆಯಾದ ಹೊಸತರಿಂದ ಶುರುಮಾಡಿ ಹೇಳಿದಳು. ನಡುವೆ ನಿಂತಾಗಲೆಲ್ಲ ಶುಭಮ್ಮ ಅದೊಂದೇ ಮಾತು ಕೇಳಿದಳು. ಅಜ್ಜಿ ಕಣ್ಣು ಮುಚ್ಚಿ ಮಂಡಿ ನೀವಿಕೊಳ್ಳುತ್ತಿದ್ದಳು, ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗಲ್ಲದ ಹತ್ತಿರ ಹೋಗುತ್ತಿತ್ತು. ಅನ್ನ ಆರಿತು, ಬೇಳೆಯ ಮೇಲೆ ಕೆನೆಗಟ್ಟಿತು. ಹೊರಗೆ ಬಿಸಿಲು ಗೇಟಿನಿಂದ ಹಿತ್ತಲ ಕಡೆಗೆ ಹೋಯಿತು. ಊಟಕ್ಕೆ ಹಾಕು ಎಂದು ಆಮೇಲೆ ಯಾರೂ ಹೇಳಲಿಲ್ಲ.